ರಸ್ತೆ ಅಗಲ ಆಗ್ಬೇಕು ನಿಜ, ನಮ್ಮ ಜಗಲಿ ಹೋಗ್ಬೇಕಾ?

ಊರಲ್ಲಿ ಏನು ನಡೀತಿದೆ ಅಂತ ತಿಳಿಯೋಕೆ ಈಗ ಯಾರೂ ಅರಳಿಕಟ್ಟೆ ಮೇಲೆ ಕೂರಬೇಕಿಲ್ಲ, ಮನೆಯವರ ವಾಟ್ಸಾಪ್ ಗ್ರೂಪ್ ತೆರೆದರೆ ಸಾಕು. ನಮ್ಮ ಗ್ರೂಪಿನಲ್ಲಿ ಮೊದಲೆಲ್ಲ ಬರ್ತಿದ್ದಿದ್ದು ನಂಜುಂಡೇಶ್ವರನ ಸೋಮವಾರದ ಅಲಂಕಾರ, ಮಳೆಗಾಲದಲ್ಲಿ ಕಪಿಲೆ ಎಷ್ಟು ಮೆಟ್ಟಿಲು ಹತ್ತಿದ್ದಾಳೆ ಅನ್ನೋ ವಿಡಿಯೊ, ಆಮೇಲೆ ಯಾರದೋ ಮನೆ ನಾಮಕರಣದ ಕರೆಯೋಲೆ. ಈ ವರ್ಷ ಅದೆಲ್ಲ ಹಿಂದೆ ಸರಿದಿದೆ. ಈಗ ಬರೋದೆಲ್ಲ ಒಂದೇ ವಿಷಯ, ರಸ್ತೆ ಅಗಲೀಕರಣ.

ನಂಜನಗೂಡಿನ ಹಳೇ ಪೇಟೆಯೊಳಗೆ ನಮ್ಮ ಮನೆ. ಬೀದಿಯ ಹೆಸರು ಬೇಡ, ಇಂಥ ಬೀದಿ ನಿಮ್ಮೂರಲ್ಲೂ ಒಂದಿರುತ್ತೆ. ಕೆಲವು ತಿಂಗಳ ಹಿಂದೆ ಟೇಪು ಹಿಡಿದ ನಾಲ್ಕು ಜನ ಬಂದು ಎರಡೂ ಬದಿಯ ಗೋಡೆಗಳ ಮೇಲೆ ಕೆಂಪು ಬಣ್ಣದ ಗೆರೆ ಎಳೆದು ಹೋದರು. ನೋಟಿಸ್ ಬಂದಿಲ್ಲ, ಸಭೆ ಕರೆದಿಲ್ಲ. ಕೇಳಿದರೆ "ಇನ್ನೂ ಪ್ರಪೋಸಲ್ಲು ಕಣಮ್ಮ" ಅಂತಾರೆ. ನಮ್ಮ ಮನೆಯಲ್ಲಿ ಆ ಗೆರೆಯಿಂದಾಚೆಗೆ ಬರೋದು ಜಗಲಿ, ಅದಕ್ಕೆ ಅಂಟಿಕೊಂಡ ಒಂದು ಸಣ್ಣ ಮಳಿಗೆ, ಅಮ್ಮ ನೆಟ್ಟ ದಾಸವಾಳ.

ಅಪ್ಪನಿಗೆ ಖುಷಿಯೋ ಖುಷಿ. "ರೋಡಾದ್ರೆ ಸೈಟಿಗೆ ಬೆಲೆ ಬರುತ್ತೆ. ಉಳಿದ ಜಾಗದಲ್ಲಿ ಕೆಳಗೆ ಎರಡು ಮಳಿಗೆ, ಮೇಲೆ ಎರಡು ಮನೆ ಎತ್ತಬಹುದು" ಅಂತ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಲೆಕ್ಕ ಹಾಕ್ತಾರೆ. ಸಂಜೆ ಐದಾದರೆ ಅದೇ ಅಪ್ಪ ಜಗಲಿ ಮೇಲೆ ಕಾಲು ಇಳಿಬಿಟ್ಟು ಕೂತು, ಹೋಗಿ ಬರೋರನ್ನೆಲ್ಲ ಮಾತಾಡಿಸಿಕೊಂಡು, "ಇದೂ ಹೋದ್ರೆ ಎಲ್ಲಿ ಕೂರೋದು?" ಅಂತಾರೆ.

ಅಮ್ಮ ಜಗಲಿ ಮುಟ್ಟೋ ಹಾಗಿಲ್ಲ ಅಂತಾಳೆ. ಆದರೆ ಎರಡು ವರ್ಷದ ಹಿಂದೆ ಅಜ್ಜಿಗೆ ರಾತ್ರಿ ಎದೆನೋವು ಬಂದಾಗ, ಅಡ್ಡಾದಿಡ್ಡಿ ನಿಂತ ಬೈಕು–ಆಟೋಗಳ ನಡುವೆ ಆಂಬುಲೆನ್ಸ್ ಒಳಗೆ ಬರಲಾಗದೆ ಬೀದಿಯ ತುದಿಯವರೆಗೆ ಅಜ್ಜಿಯನ್ನ ಸ್ಟ್ರೆಚರ್‌ನಲ್ಲಿ ಹೊತ್ತುಕೊಂಡು ಹೋದರು. ಪುಣ್ಯಕ್ಕೆ ಅಜ್ಜಿ ನಡೆದುಕೊಂಡೇ ವಾಪಸ್ ಬಂದರು. ಆ ರಾತ್ರಿ "ಈ ಬೀದಿ ಒಂದಿನ ನಮ್ಮನ್ನ ಸಾಯಿಸುತ್ತೆ" ಅಂದವಳೂ ಅಮ್ಮನೇ.

ಅಣ್ಣ ಬೆಂಗಳೂರಿನಲ್ಲಿ ಹನ್ನೊಂದನೇ ಮಹಡಿಯಲ್ಲಿ ಕೂತು "ನಮ್ಮ ಹೆರಿಟೇಜ್ ಉಳಿಸಬೇಕು" ಅಂತ ಮೆಸೇಜ್ ಹಾಕ್ತಾನೆ. ಹಬ್ಬಕ್ಕೆ ಕಾರಲ್ಲಿ ಬಂದರೆ ನಿಲ್ಲಿಸೋಕೆ ಜಾಗ ಸಿಗದೆ ಊರನ್ನ ಬೈಕೊಂಡು ಮೂರು ಸುತ್ತು ಹೊಡೀತಾನೆ. ಇನ್ನು ನಾನು. ದಿನಾ ಮೈಸೂರಿಗೆ ಕೆಲಸಕ್ಕೆ ಹೋಗಿ ಬರೋಳು. ನನಗೆ ನಡೆಯೋಕೆ ಫುಟ್‌ಪಾತ್ ಬೇಕು, ರಾತ್ರಿ ಬಸ್ಸಿಳಿದು ಬರುವಾಗ ಬೆಳಕಿರೋ ರಸ್ತೆ ಬೇಕು, ಗೆಳತಿಯರು ಬಂದರೆ ಕೂತು ಕಾಫಿ ಕುಡಿಯೋಕೆ ಒಳ್ಳೆ ಜಾಗ ಬೇಕು. ಜೊತೆಗೆ ಬೆಳಗ್ಗೆ ಹೂವಿನವಳು ಬಾಗಿಲಿಗೇ ಬರಬೇಕು, ರಾತ್ರಿ ಒಂಬತ್ತಕ್ಕೆ ಬೀದಿ ಮಲಗಬೇಕು.

ನೋಡಿ, ನಮ್ಮ ಬೀದೀಲಿ ಪರ ಅಂತ ಒಂದು ಗುಂಪು, ವಿರೋಧ ಅಂತ ಒಂದು ಗುಂಪು ಇಲ್ಲವೇ ಇಲ್ಲ. ಒಬ್ಬೊಬ್ಬರೊಳಗೂ ಇಬ್ಬಿಬ್ಬರು ಇದ್ದಾರೆ. ಸೈಟಿನ ಮಾಲೀಕ ಒಬ್ಬ, ಆ ಬೀದೀಲಿ ಬದುಕೋ ಮನುಷ್ಯ ಇನ್ನೊಬ್ಬ. ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ಸಂಕಟ. ಇಷ್ಟೆಲ್ಲ ಮಾತಿನ ನಡುವೆ ತುಟಿ ಬಿಚ್ಚದೆ ಇರೋರು ಒಬ್ಬರಿದ್ದಾರೆ. ನಮ್ಮ ಮಳಿಗೆಯಲ್ಲಿ 22 ವರ್ಷದಿಂದ ಹೊಲಿಗೆ ಮೆಷಿನ್ ಇಟ್ಟುಕೊಂಡಿರೋ ಟೈಲರಣ್ಣ. ನನ್ನ ಸ್ಕೂಲ್ ಯೂನಿಫಾರ್ಮಿಂದ ಹಿಡಿದು ಮೊನ್ನೆಯ ಬ್ಲೌಸ್‌ವರೆಗೆ ಅವರೇ ಹೊಲಿದಿದ್ದು. ಕೆಂಪು ಗೆರೆ ಅವರ ಮಳಿಗೆಯ ನಡುವೆಯೇ ಹಾದಿದೆ. "ನಿಮ್ಮದೇನಣ್ಣ ಅಭಿಪ್ರಾಯ?" ಅಂದರೆ, "ನಂದೇನಿದ್ದದವ್ವ, ಜಾಗ ನಿಮ್ದು" ಅಂದು ಸೂಜಿಗೆ ದಾರ ಪೋಣಿಸ್ತಾರೆ. ಅವರ ಆ ಮಾತು ಕೇಳಿದ ಮೇಲೆ ನನಗೆ ಈ ವಿಷಯ ಬೇರೆ ಥರ ಕಾಣೋಕೆ ಶುರುವಾಯ್ತು.

ಅದಕ್ಕೆ ಮುಂಚೆ ಒಂದು ಮಾತು. ಬದಲಾವಣೆ ಅನ್ನೋದು ನಮ್ಮೂರಿಗೆ ಹೊಸದಲ್ಲ. ಕಪಿಲೆಗೆ ಇಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, ಅಂದರೆ 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆ ಇದೆ. ರೈಲು ಬಂದಾಗ ಅದೇ ಸೇತುವೆ ಮೇಲೆ ಒಂದು ಬದಿ ಗಾಡಿ, ಒಂದು ಬದಿ ರೈಲು ಓಡಿತು. ಗೇಜ್ ದೊಡ್ಡದಾದಾಗ ರೈಲಿಗೆ ಬೇರೆ ಸೇತುವೆ ಬಂತು, ಹಳೇದನ್ನು ಪಾರಂಪರಿಕ ಸ್ಮಾರಕ ಅಂತ ಉಳಿಸಿಕೊಂಡರು. 1913ರಲ್ಲಿ ಇಲ್ಲೇ ಶುರುವಾದ ಸದ್ವೈದ್ಯಶಾಲೆಯ ಹಲ್ಲುಪುಡಿ ನಮ್ಮೂರ ಹೆಸರನ್ನ ರಾಜ್ಯದ ಬಚ್ಚಲುಮನೆಗಳಿಗೆಲ್ಲ ತಲುಪಿಸಿತು. 1989ರಲ್ಲಿ ನೆಸ್ಲೆ ಕಾಫಿ ಕಾರ್ಖಾನೆ ಬಂತು. ಅದರ ಹಿಂದೆ ಮುಂದೆ ಕೈಗಾರಿಕಾ ಪ್ರದೇಶ ಬೆಳೆದು, ಮೊನ್ನೆ ಮೊನ್ನೆ 2018ರಲ್ಲಿ ಹಿಮ್ಮಾವಿನ ಹತ್ತಿರ ಏಷ್ಯನ್ ಪೇಂಟ್ಸ್ ಕೂಡ ಬಂತು. ನಮ್ಮಪ್ಪನೂ ಒಂದು ಕಾರ್ಖಾನೆಯ ಸಂಬಳದಲ್ಲೇ ನಮ್ಮನ್ನ ಓದಿಸಿದ್ದು. ಹಾಗಾಗಿ "ಊರು ಹೇಗಿತ್ತೋ ಹಾಗೇ ಇರಲಿ" ಅನ್ನೋ ಮಾತು ನಮ್ಮ ಮನೆಯವರ ಬಾಯಲ್ಲಿ ಅಷ್ಟು ಸುಲಭಕ್ಕೆ ಬರಲ್ಲ.

ರಸ್ತೆಯ ಅಗಲದ ಲೆಕ್ಕವೂ ಹೊಸದಲ್ಲ. ದೊಡ್ಡ ಜಾತ್ರೆಯಲ್ಲಿ ಐದು ತೇರು ಹೊರಡೋ ಊರು ನಮ್ಮದು. ತೇರು ತಿರುಗೋ ರಥಬೀದಿಯಲ್ಲಿ ಯಾರ ಮನೆಯ ಚಾವಣಿಯೂ ತೇರಿಗೆ ಅಡ್ಡ ಬರೋ ಹಾಗಿಲ್ಲ. ಇದನ್ನ ಯಾರೂ ಕೋರ್ಟಿನಿಂದ ಆರ್ಡರ್ ತಂದು ಹೇಳಬೇಕಾಗಿಲ್ಲ. ಎಲ್ಲರ ಕಣ್ಣೆದುರಿಗೇ ತೇರು ಹೋಗುತ್ತೆ, ಎಷ್ಟು ಜಾಗ ಬೇಕು ಅಂತ ಎಲ್ಲರಿಗೂ ಕಾಣುತ್ತೆ. ಈಗಿನ ಅಗಲೀಕರಣದಲ್ಲಿ ಇಲ್ಲದಿರೋದು ಅದೇ. ಎಷ್ಟು ಅಡಿ, ಯಾಕೆ ಅಷ್ಟು, ಯಾವುದು ಹೋಗಲಿಕ್ಕೆ ಅಷ್ಟು ಜಾಗ ಅನ್ನೋದು ನಮಗೆ ಕಾಣಿಸ್ತಿಲ್ಲ.

ನಮ್ಮೂರು ಇನ್ನು ಮುಂದೆ ಬೇರೆ ಊರಾಗಿ ಉಳಿಯುತ್ತಾ ಅನ್ನೋದೂ ಒಂದು ಪ್ರಶ್ನೆ. ಮೈಸೂರಿನಿಂದ ನಂಜನಗೂಡು 25 ಕಿ.ಮೀ. ಒಳಗೆ. ಮಂಡಕಳ್ಳಿಯ ವಿಮಾನ ನಿಲ್ದಾಣ ಈ ದಾರಿಯಲ್ಲೇ ಇದೆ. ಕಡಕೊಳ ಹಳ್ಳಿಯಾಗಿದ್ದಿದ್ದು ಪಟ್ಟಣ ಪಂಚಾಯಿತಿ ಆಯ್ತು. ತಾಂಡವಪುರದಲ್ಲಿ ಕಾರ್ಖಾನೆಗಳು. ಸರ್ಕಾರಿ ಕಾಗದದಲ್ಲಂತೂ ನಾವು ಎಂದೋ ಒಂದಾಗಿಬಿಟ್ಟಿದ್ದೇವೆ. ಮಾಸ್ಟರ್ ಪ್ಲಾನಿನ ಹೆಸರೇ "ಮೈಸೂರು–ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶ", ಅದು 2031ರವರೆಗಿನ ಲೆಕ್ಕ. ಮೈಸೂರಿನ ಗೆಳತಿಯರು ನಮ್ಮೂರಿಗೆ ಬಂದರೆ "ಎಷ್ಟು ಪೀಸ್‌ಫುಲ್ ಆಗಿದೆ!" ಅಂತಾರೆ. ಆ ಶಾಂತಿಯೇ ಈಗ ಬ್ರೋಷರಿನಲ್ಲಿ ಮಾರಾಟಕ್ಕಿದೆ. ಊರ ಸುತ್ತಲಿನ ಜಮೀನುಗಳಲ್ಲಿ ಕಮಾನು, ಬಾವುಟ, ಕಲ್ಲು ನೆಟ್ಟ ಲೇಔಟುಗಳು.

ಹಾಗಂತ ಎಲ್ಲದಕ್ಕೂ ಲೇಔಟಿನ ಮೇಲೇ ಗೂಬೆ ಕೂರಿಸೋದೂ ಸರಿಯಲ್ಲ. ನಂಜನಗೂಡು ರಸಬಾಳೆಯನ್ನೇ ತಗೊಳ್ಳಿ. ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಹಣ್ಣು ಅದು, ಆದರೂ ಊರಲ್ಲೇ ಹುಡುಕಿ ತರಬೇಕು. ಅದನ್ನ ಮೊದಲು ಹಾಳು ಮಾಡಿದ್ದು ಪನಾಮ ಸೊರಗು ರೋಗ. ಗಿಡ ನಿಂತಲ್ಲೇ ಬಾಡುತ್ತೆ, ರೋಗ ಮಣ್ಣಲ್ಲೇ ಉಳಿದುಬಿಡುತ್ತೆ. ಬಾಳೆ ಕೈಕೊಟ್ಟ ಜಮೀನಿಗೆ ಸೈಟಿನ ರೇಟು ಬಂದರೆ ರೈತ ಮಾರದೆ ಏನು ಮಾಡ್ತಾನೆ? ಹಳೇದು ಹೋಯ್ತು ಅಂತ ಕೊರಗೋ ಮುಂಚೆ, ಹಳೇದು ಯಾರನ್ನ ಸಾಕ್ತಿತ್ತು, ಯಾರನ್ನ ಸಾಕ್ತಿರಲಿಲ್ಲ ಅಂತಲೂ ನೋಡಬೇಕು.

ಇದು ಚೆನ್ನಾಗಿ ಅರ್ಥ ಆಗೋದು ಹೊಳೆ ಬಂದಾಗ. 2018ರಲ್ಲೂ 2019ರಲ್ಲೂ ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ನಮ್ಮೂರಲ್ಲಿ ಹದಿನಾರು ಕಾಲು ಮಂಟಪ ಮುಳುಗಿತು, ಪರಶುರಾಮ ದೇವಸ್ಥಾನದ ಸುತ್ತ ನೀರು ನಿಂತಿತು, ಮಲ್ಲನಮೂಲೆ ಮಠದ ಹತ್ತಿರ ಹೆದ್ದಾರಿಯೇ ಮುಚ್ಚಿತು. ಮೇಲಿನ ಬೀದಿಯ ನಾವು ಕೊಡೆ ಹಿಡಿದು ಹೊಳೆ ನೋಡೋಕೆ ಹೋದ್ವಿ. ತೋಪಿನ ಬೀದಿ, ಹಳ್ಳದಕೇರಿಯ ಜನ ಪಾತ್ರೆ–ಪಡಗ ಹೊತ್ತು ಕಾಳಜಿ ಕೇಂದ್ರಕ್ಕೆ ಹೋದ್ರು. ಅವರ ಹತ್ತಿರ ಹೋಗಿ "ಹಳೇ ಊರಿನ ಸೊಗಸು ಉಳಿಸಬೇಕು" ಅನ್ನೋಕೆ ನಾಲಗೆ ಏಳುತ್ತಾ? ಅವರಿಗೆ ತಡೆಗೋಡೆ ಬೇಕು, ಎತ್ತರದ ಜಾಗದಲ್ಲಿ ಮನೆ ಬೇಕು. ಆ ಮನೆ ಕೂಲಿಗೆ ಹೋಗೋ ದೂರದಲ್ಲೇ ಇರಬೇಕು, ಊರಾಚೆ ಐದು ಮೈಲಿಗೆ ಎಸೆದರೆ ಬರಲ್ಲ ಅಂತಾರೆ. ಹಳೇದನ್ನ ಹಾಗೇ ಇಟ್ಟುಕೊಳ್ಳೋ ಆಸೆ, ಮನೆಯೊಳಗೆ ನೀರು ಬರದವರಿಗೆ ಮಾತ್ರ ಸಿಕ್ಕಿರೋ ಅನುಕೂಲ.

ರಿಪೇರಿ ಇಲ್ಲದೆ ಉಳಿಸೋದೂ ಉಳಿಸೋದಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ 2012ರ ಆಗಸ್ಟಿನಲ್ಲಿ ಕುಸಿದು ನಾಲ್ಕು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಿ ಕಟ್ಟಬೇಕಾ, ಹಾಗೇ ದುರಸ್ತಿ ಮಾಡಬೇಕಾ ಅನ್ನೋ ವಾದ ವರ್ಷಗಟ್ಟಲೆ ನಡೆಯಿತು. ಅಷ್ಟು ವರ್ಷವೂ ಅದೇ ಸೂರಿನ ಕೆಳಗೆ ಹೂವು, ಬಾಳೆಹಣ್ಣು ಮಾರುವವರು ಕೂತೇ ಇದ್ದರು. ವಾದ ಮಾಡುವವರಿಗೆ ಕಾಯೋಕೆ ಆಗುತ್ತೆ, ದಿನದ ವ್ಯಾಪಾರದವರಿಗೆ ಆಗಲ್ಲ.

ಹಾಗಾದ್ರೆ ಅಗಲ ಆಗಿಬಿಡಲಿ ಅಂತೀರಾ? ತಾಳಿ, ತಿ. ನರಸೀಪುರದ ನಮ್ಮ ಚಿಕ್ಕಮ್ಮನ ಕಥೆ ಕೇಳಿ.

ನಮ್ಮೂರಿಗೂ ನರಸೀಪುರಕ್ಕೂ ನಂಟು ಹಳೇದು. ನಮ್ಮಲ್ಲಿ ಹರಿದ ಕಪಿಲೆ ಅಲ್ಲಿ ಕಾವೇರಿಯನ್ನ ಸೇರ್ತಾಳೆ. ಹೆದ್ದಾರಿಯೂ ಒಂದೇ, ಕೋಯಿಕ್ಕೋಡಿನಿಂದ ಗುಂಡ್ಲುಪೇಟೆ, ನಂಜನಗೂಡು, ಮೈಸೂರು ಹಾದು ತಿ. ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಹೋಗುವ 766. ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತೆ. ಕೋವಿಡ್ ಬಂದು ನಡುವೆ ಒಂದು ತಪ್ಪಿ, 2019 ಆದ ಮೇಲೆ 2025ರ ಫೆಬ್ರವರಿಯಲ್ಲೇ ನಡೆದಿದ್ದು. ಮೇಳ ಮುಗಿದು ಜನ ಚದುರಿದರೆ ಊರು ಮತ್ತೆ ತನ್ನ ಪಾಡಿಗೆ ತಾನು, ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಹತ್ತಿರ ಸಂಜೆ ಹೊಳೆಯ ಗಾಳಿ.

ಅಲ್ಲಿ ಮುಖ್ಯರಸ್ತೆ ಬದಿಯಲ್ಲಿ ಚಿಕ್ಕಪ್ಪನದು ಇಡ್ಲಿ ಹೋಟೆಲ್ ಇತ್ತು. ಮುಂದೆ ಹೋಟೆಲ್, ಹಿಂದೆ ಮನೆ. ಕೆಲವು ವರ್ಷದ ಹಿಂದೆ ರಸ್ತೆಗೆ ಅಂತ ಮುಂಭಾಗ ಹೋಯಿತು. ಉಳಿದಿದ್ದರಲ್ಲಿ ಒಲೆ ಇಟ್ಟು, ಟೇಬಲ್ ಹಾಕಿ ಹೋಟೆಲ್ ನಡೆಸೋಕೆ ಸಾಧ್ಯ ಇರಲಿಲ್ಲ. ಒಂದು ಶಟರ್ ಹಾಕಿಸಿ ಮೊಬೈಲ್ ಅಂಗಡಿಗೆ ಬಾಡಿಗೆಗೆ ಕೊಟ್ಟರು. ಲೆಕ್ಕದಲ್ಲಿ ನೋಡಿದರೆ ಅವರಿಗೆ ನಷ್ಟ ಇಲ್ಲ, ಹೋಟೆಲಿನಲ್ಲಿ ಬೆವರು ಸುರಿಸಿ ಬರ್ತಿದ್ದಕ್ಕಿಂತ ಬಾಡಿಗೆಯೇ ಒಂದು ಕೈ ಹೆಚ್ಚು. ಹೋದ ಸಲ ಹೋದಾಗ ಚಿಕ್ಕಮ್ಮ ಹೇಳಿದ್ದು ಇಷ್ಟೇ: "ದುಡ್ಡು ಬರ್ತದ ಕಣವ್ವ, ಜನ ಬರಲ್ಲ." ಬೆಳಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ನೋಡ್ತಿದ್ದ ಚಿಕ್ಕಪ್ಪ ಈಗಲೂ ನಾಲ್ಕಕ್ಕೇ ಏಳ್ತಾರೆ. ಎದ್ದು ಟಿವಿ ಹಾಕ್ತಾರೆ.

ಇದು ಮಾಲೀಕರ ಕಥೆ. ಆ ಹೋಟೆಲಿನಲ್ಲಿ ಪಾತ್ರೆ ತೊಳೆಯೋಕೆ ಬರ್ತಿದ್ದ ಒಬ್ಬ ಹೆಂಗಸು ಇದ್ದರು. ಮುಂದಿನ ನೆರಳಲ್ಲಿ ಸೊಪ್ಪು ಮಾರ್ತಿದ್ದ ಒಬ್ಬ ಅಜ್ಜಿ ಇದ್ದರು. ಅವರು ಈಗ ಎಲ್ಲಿದ್ದಾರೆ ಅಂತ ಕೇಳಿದೆ. ಚಿಕ್ಕಮ್ಮ ಸುಮ್ಮನೆ ನನ್ನ ಮುಖ ನೋಡಿದರು. ಯಾರಿಗೂ ಗೊತ್ತಿಲ್ಲ. ಗೆರೆ ಎಳೆದಾಗ ಅವರ ಹೆಸರು ಯಾವ ಹಾಳೆಯಲ್ಲೂ ಇರಲಿಲ್ಲ.

ಅಲ್ಲಿಂದ ಬಂದವಳೇ ಅಪ್ಪನ ಕೈಲಿ ಬೀರು ತೆಗೆಸಿದೆ. ನಮ್ಮ ಮನೆ ಪತ್ರ ತಾತನ ಕಾಲದ ವಿಭಾಗ ಪತ್ರ. ಚಕ್ಕುಬಂದಿಯಲ್ಲಿ ಪಡುವಲಿಗೆ ಇಂಥವರ ಮನೆ, ಬಡಗಲಿಗೆ ಇಂಥವರ ಹಿತ್ತಿಲು ಅಂತೆಲ್ಲ ಬರೆದು, ಮೂಡಲಿಗೆ "ಬೀದಿ" ಅಂತಿದೆ. ಅಷ್ಟೇ. ಆ ಬೀದಿ ಎಷ್ಟು ಅಡಿ, ಜಗಲಿ ಬೀದಿಗೆ ಸೇರಿದ್ದಾ ಮನೆಗೆ ಸೇರಿದ್ದಾ, ಒಂದಕ್ಷರ ಇಲ್ಲ. ಹಳೇ ಪೇಟೆಯ ಬಹಳ ಮನೆಗಳ ಪತ್ರ ಹೀಗೇ ಇರುತ್ತೆ. ಇದು ಸಣ್ಣ ವಿಷಯ ಅಲ್ಲ. ಜಗಲಿ ನಮ್ಮದು ಅಂತಾದರೆ ಅದನ್ನ ತಗೊಳ್ಳೋದು ಭೂಸ್ವಾಧೀನ, ಪರಿಹಾರ ಕೊಡಬೇಕು. ಬೀದಿಯದ್ದು ಅಂತಾದರೆ ಒತ್ತುವರಿ, ಜೆಸಿಬಿ ಬಂದರೆ ಮುಗೀತು.

ಅದಕ್ಕೇ ಮೊದಲು ಕೇಳಬೇಕಾದ ಪ್ರಶ್ನೆ "ಯಾವಾಗ ಒಡೀತಾರೆ?" ಅನ್ನೋದಲ್ಲ, "ಯಾವ ಕಾಯ್ದೆ ಪ್ರಕಾರ?" ಅನ್ನೋದು. 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ತಗೊಂಡರೆ ನಗರ ಪ್ರದೇಶದಲ್ಲಿ ಮಾರುಕಟ್ಟೆ ಬೆಲೆ ಮತ್ತು ಅದರ ಮೇಲೆ ಶೇ 100ರಷ್ಟು ಸೊಲೇಷಿಯಂ, ಅಂದರೆ ಒಟ್ಟು ಹೆಚ್ಚುಕಡಿಮೆ ಎರಡರಷ್ಟು ಸಿಗಬೇಕು. ಆದರೆ ಆ "ಮಾರುಕಟ್ಟೆ ಬೆಲೆ" ಹಿಡಿಯೋದು ಮಾರ್ಗಸೂಚಿ ದರ, ಹತ್ತಿರದ ಕ್ರಯಪತ್ರಗಳು ಇಂಥವನ್ನ ನೋಡಿ. ನೋಂದಣಿ ಖರ್ಚು ಉಳಿಸೋಕೆ ಬೀದಿಯವರೆಲ್ಲ ಕ್ರಯದ ಮೊತ್ತ ಕಡಿಮೆ ಬರೆಸಿದ್ದರೆ ಅದರ ಬಿಸಿ ಎಲ್ಲರಿಗೂ ತಟ್ಟುತ್ತೆ. ಇನ್ನೊಂದು ದಾರಿ ಟಿಡಿಆರ್. ದುಡ್ಡಿನ ಬದಲು ಹೆಚ್ಚು ಕಟ್ಟಡ ಕಟ್ಟೋ ಹಕ್ಕಿನ ಪತ್ರ. ನೀವು ಬೇರೆ ಕಡೆ ಬಳಸಬಹುದು, ಬಿಲ್ಡರ್‌ಗೆ ಮಾರಲೂಬಹುದು. ಬೆಂಗಳೂರಿನಲ್ಲಾದರೆ ಕೊಳ್ಳೋರು ಇರ್ತಾರೆ. ಮೂರನೇ ಮಹಡಿಗೇ "ಅಬ್ಬಾ, ಎಷ್ಟೆತ್ತರ!" ಅನ್ನೋ ನಮ್ಮೂರಲ್ಲಿ ಅದನ್ನ ಯಾರು ಕೊಳ್ತಾರೆ?

ಈಗ ಟೈಲರಣ್ಣನ ವಿಷಯ. "ಜಾಗ ನಿಮ್ದು" ಅಂದರಲ್ಲ, ಕಾಯ್ದೆ ಹಾಗೆ ಹೇಳಲ್ಲ. 2013ರ ಕಾಯ್ದೆಯಲ್ಲಿ "ಬಾಧಿತ ಕುಟುಂಬ" ಅಂದರೆ ಜಾಗದ ಮಾಲೀಕರಷ್ಟೇ ಅಲ್ಲ. ಅಲ್ಲಿ ಮೂರು ವರ್ಷ ಅಥವಾ ಹೆಚ್ಚು ಕಾಲದಿಂದ ಬದುಕು ಕಟ್ಟಿಕೊಂಡು, ಸ್ವಾಧೀನದಿಂದ ಜೀವನೋಪಾಯ ಕಳೆದುಕೊಳ್ಳುವ ಬಾಡಿಗೆದಾರರೂ ಅದರಲ್ಲಿ ಬರ್ತಾರೆ. ನಗರದ ನಿವಾಸಿಗಳ ಬಗ್ಗೆಯೂ ಆ ಮಾತು ಸ್ಪಷ್ಟವಾಗಿದೆ. ದೇವಸ್ಥಾನದ ಸುತ್ತ ಹೂವು, ತೆಂಗಿನಕಾಯಿ ಮಾರೋರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಬೇರೆಯೇ ಇದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡೋವರೆಗೆ ಅವರನ್ನ ಎಬ್ಬಿಸೋ ಹಾಗಿಲ್ಲ, ಎಬ್ಬಿಸೋದಾದರೆ 30 ದಿನದ ನೋಟಿಸ್ ಕೊಡಬೇಕು, ಪಟ್ಟಣದ ಮಾರಾಟ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ವ್ಯಾಪಾರಿಗಳೇ ಇರಬೇಕು. ಹಕ್ಕು ಇದೆ. ಆದರೆ ಹಕ್ಕಿಗೆ ದಾಖಲೆ ಬೇಕು. ದಾಖಲೆ ಇಲ್ಲದೋರಿಗೆ ಹಕ್ಕಿದೆ ಅಂತ ಹೇಳೋರೇ ಇರಲ್ಲ.

ಬೇರೆ ಊರುಗಳಿಗೂ ನಮ್ಮಂಥ ಊರುಗಳಿಗೂ ಇಲ್ಲಿ ಇನ್ನೊಂದು ವ್ಯತ್ಯಾಸ ಇದೆ. ಸಂವಿಧಾನದ 74ನೇ ತಿದ್ದುಪಡಿ ಪ್ರಕಾರ ವಾರ್ಡ್ ಸಮಿತಿ ಕಡ್ಡಾಯ ಇರೋದು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ. 2011ರ ಜನಗಣತಿಯಲ್ಲಿ ನಂಜನಗೂಡಿನದು ಸುಮಾರು 50 ಸಾವಿರ. ತಿ. ನರಸೀಪುರ ಇನ್ನೂ ಚಿಕ್ಕದು. ಹಾಗಾಗಿ ನಮ್ಮ ಬೀದಿಯ ಮಾತು ಕೇಳೋಕೆ ಅಂತಲೇ ಒಂದು ಕುರ್ಚಿ ಇಲ್ಲ. ನಾವೇ ಹೋಗಿ ಬಾಗಿಲು ತಟ್ಟಬೇಕು. ತಟ್ಟೋಕೆ ಒಂದು ಸರಿಯಾದ ಸಮಯವೂ ಇದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಮಾಸ್ಟರ್ ಪ್ಲಾನ್ ಕರಡು ಪ್ರಕಟವಾದ ಮೇಲೆ ಸಾರ್ವಜನಿಕರು ಅಭಿಪ್ರಾಯ ಹೇಳೋಕೆ 60 ದಿನ ಇರುತ್ತೆ. ಆ ನಕ್ಷೆಯಲ್ಲಿ ನಿಮ್ಮ ಬೀದಿಗೆ ಎಷ್ಟು ಅಗಲ ಬರೆದಿದೆ ಅನ್ನೋದರ ಮೇಲೆ ಮುಂದಿನ ಹತ್ತಿಪ್ಪತ್ತು ವರ್ಷ ನಿಂತಿರುತ್ತೆ. ಗೋಡೆ ಮೇಲೆ ಬಣ್ಣ ಬಿದ್ದಾಗ ಕೂಗಾಡ್ತೀವಿ. ನಕ್ಷೆ ಮೇಲೆ ಗೆರೆ ಬಿದ್ದಾಗ ನಾವೆಲ್ಲ ಆಫೀಸಲ್ಲಿರ್ತೀವಿ.

ನಮ್ಮ ಬೀದೀಲಿ ಹೋದ ತಿಂಗಳು ಒಂದು ಭಾನುವಾರ ಎಲ್ಲರೂ ಸೇರಿದ್ವಿ. ಮೊದಲ ಅರ್ಧ ಗಂಟೆ ಬರೀ ಜಗಳ. ಎದುರು ಮನೆ ಮಾವ "ಊರು ಮುಂದುವರೀಲಿ ಬಿಡ್ರೀ" ಅಂದ್ರು, ಮೂಲೆಮನೆ ಅತ್ತೆ "ನಿಮ್ ಕಡೆ ಎರಡಡಿ ಹೋಗುತ್ತೆ, ನಮ್ ಕಡೆ ಅಡುಗೆಮನೆಯೇ ಹೋಗುತ್ತೆ, ನೀವು ಅನ್ನದೆ ಇನ್ನೇನು" ಅಂದ್ರು. ಬೇಕಾ ಬೇಡವಾ ಅಂತ ಕೈ ಎತ್ತಿಸಿದ್ದಿದ್ದರೆ ಬೀದಿ ಅಲ್ಲೇ ಎರಡು ಹೋಳಾಗ್ತಿತ್ತು. ಅದರ ಬದಲು, ಬೇಕು ಅನ್ನೋರೂ ಬೇಡ ಅನ್ನೋರೂ ಒಪ್ಪಬಹುದಾದ್ದನ್ನ ಬರೆಯೋಣ ಅಂತ ಆಯ್ತು. ಬರೆದ ಅರ್ಜಿಯಲ್ಲಿ ನಾಲ್ಕೇ ಮಾತು. ಒಂದು, ಯಾವ ಕಾಯ್ದೆಯಡಿ, ಎಷ್ಟು ಅಡಿ ಅಂತ ನಕ್ಷೆ ಸಮೇತ ಲಿಖಿತವಾಗಿ ತಿಳಿಸಿ. ಎರಡು, ಬೀದಿಯನ್ನೆಲ್ಲ ಒಂದೇ ಅಳತೆಗೆ ಸೀಳೋ ಮುಂಚೆ ಪಾರ್ಕಿಂಗ್ ಬೇರೆ ಕಡೆಗೆ ಸಾಗಿಸಿ, ಒಮ್ಮುಖ ಸಂಚಾರ ಮಾಡಿ ನೋಡಿ. ಆಂಬುಲೆನ್ಸಿಗೆ ಜಾಗ ಆದರೆ ಅರ್ಧ ಕೆಲಸ ಆದಂಗೆ. ಮೂರು, ರಸ್ತೆ ಮಾಡೋದಾದರೆ ಹಳೇ ಟಾರು ಕೆರೆದು ತೆಗೆದು ಮಾಡಿ, ಚರಂಡಿ ಮೊದಲು ಕಟ್ಟಿ. ಪ್ರತಿ ಸಲ ಟಾರಿನ ಮೇಲೆ ಟಾರು ಸುರಿದು ರಸ್ತೆ ಏರ್ತಾ, ಹೊಸ್ತಿಲು ಇಳೀತಾ, ಮಳೆ ನೀರು ನಡುಮನೆಗೆ ಬರ್ತಿದೆ. ನಾಲ್ಕನೇದು ನಾನು ಹಟ ಹಿಡಿದು ಸೇರಿಸಿದ್ದು: ಬಾಡಿಗೆದಾರರು ಮತ್ತು ಬೀದಿ ವ್ಯಾಪಾರಿಗಳ ಪಟ್ಟಿ. ಮಾಲೀಕರ ಪಟ್ಟಿಗಿಂತ ಮೊದಲು ಅದು ಇರಬೇಕು ಅಂದೆ. ಒಂದಿಬ್ಬರು ಗೊಣಗಿದರು. "ನಾಳೆ ಅವರೇ ಹಕ್ಕು ಕೇಳ್ತಾರೆ ಕಣಮ್ಮ" ಅಂದವರೂ ಇದ್ದರು. ಅಪ್ಪ ಎದ್ದು ನಿಂತು, "ಕೇಳ್ಲಿ ಬಿಡಿ, ಅವರದ್ದು ಇದ್ರೆ ಕೇಳ್ತಾರೆ" ಅಂದ್ರು. ಪಟ್ಟಿಯಲ್ಲಿ 31 ಹೆಸರು ಬಂತು. ನಮ್ಮ ಸಣ್ಣ ಬೀದಿಯನ್ನ ನಂಬಿ ಅಷ್ಟು ಜನ ಬದುಕ್ತಿದ್ದಾರೆ ಅಂತ ನಮಗೇ ಗೊತ್ತಿರಲಿಲ್ಲ.

ಟೈಲರಣ್ಣನ ದಾಖಲೆಗೆ ನಾನೂ ಅವರ ಮಗಳೂ ಒಂದು ಸಂಜೆ ಕೂತ್ವಿ. ಉದ್ದಿಮೆ ಪರವಾನಗಿ ಇತ್ತು, ನವೀಕರಣ ನಿಂತುಹೋಗಿತ್ತು, ಮಾಡಿಸಿದ್ವಿ. ಕರೆಂಟ್ ಬಿಲ್ಲು ಅಪ್ಪನ ಹೆಸರಲ್ಲೇ ಇತ್ತು. ಆದರೆ ಐದು ವರ್ಷದಿಂದ ಬಾಡಿಗೆ ಫೋನಲ್ಲೇ ಬರ್ತಿದೆ. ತಿಂಗಳು ತಿಂಗಳೂ, ತಾರೀಖು ಸಮೇತ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿದ್ವಿ. ಅಪ್ಪ ಇಷ್ಟು ವರ್ಷ ಬಾಯಿಮಾತಿನಲ್ಲಿದ್ದ ಬಾಡಿಗೆಯನ್ನ ಕರಾರು ಪತ್ರದಲ್ಲಿ ಬರೆಸಿ ಸಹಿ ಹಾಕಿದರು. ಕಾಗದ ಕೈಗೆ ಬಂದಾಗ ಅಣ್ಣ ಎರಡು ಸಲ ಓದಿದರು. "ಅಂಗಡಿ ಉಳೀತದಾ ಅವ್ವ?" ಅಂತ ಕೇಳಿದರು. "ಅಂಗಡಿ ಉಳಿಯುತ್ತೆ ಅಂತ ಹೇಳೋಕಾಗಲ್ಲ ಅಣ್ಣ, ಹೋದರೆ ನಿಮ್ಮನ್ನ ಕೇಳದೆ ಹೋಗಬಾರದು" ಅಂದೆ.

ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಬಂದ ಮೇಲೂ ಅಪ್ಪನೊಳಗೆ ಇಬ್ಬರು ಹಾಗೇ ಇರ್ತಾರೆ, ಅಮ್ಮನೊಳಗೂ. ಇರಲಿ ಬಿಡಿ. ಇರೋ ಊರಿನ ಮೇಲೆ ಪ್ರೀತಿ ಇದ್ದು, ಬರೋ ಊರಿನ ಮೇಲೆ ಆಸೆಯೂ ಇರೋರಿಗೆ ಎರಡು ಮನಸ್ಸಾಗೋದು ಸಹಜ. ಆದರೆ ನಮ್ಮ ಎರಡು ಮನಸ್ಸಿಗೆ ಮೂರನೆಯವರು ಬೆಲೆ ಕಟ್ಟೋ ಹಾಗಾಗಬಾರದು. ಸೈಟಿನ ಬೆಲೆ ಏರಿದರೆ ನಮಗೆ ಸಮಾಧಾನ ಆಗೋಕೆ ಏನೋ ಒಂದು ಸಿಕ್ಕಿರುತ್ತೆ. ಪಟ್ಟಿಯಲ್ಲಿ ಹೆಸರೇ ಇಲ್ಲದೋರಿಗೆ ಗೊಂದಲ ಪಡೋಕೂ ಪುರುಸೊತ್ತಿಲ್ಲ.

ಈ ಅಂಕಣ ಓದ್ತಿರೋ ಬಹಳ ಜನ ನನ್ನ ಹಾಗೇ ಊರಿಂದ ಸ್ವಲ್ಪ ದೂರ ಕೆಲಸ ಮಾಡೋರು. ಊರಿಗೆ ನಾವು ಮಾಡಬಹುದಾದ್ದು ಕಡಿಮೆ ಅಂತ ಅನಿಸುತ್ತೆ. ಆದರೆ ಒಂದು ನಕ್ಷೆ ಡೌನ್‌ಲೋಡ್ ಮಾಡಿ ಬೀದಿಯ ಹೆಸರು ಹುಡುಕೋದು, ಒಂದು ಅರ್ಜಿ ಟೈಪ್ ಮಾಡೋದು, ಹತ್ತು ವರ್ಷದಿಂದ ಬಾಗಿಲಿಗೆ ಬರೋ ಸೊಪ್ಪಿನವಳ ಪೂರ್ತಿ ಹೆಸರೇನು ಅಂತ ಕೇಳಿ ಬರೆದಿಟ್ಟುಕೊಳ್ಳೋದು, ಇವೆಲ್ಲ ನಮ್ಮಿಂದ ಆಗೋ ಕೆಲಸವೇ. ಮುಂದಿನ ಸಲ ಊರಿಗೆ ಹೋದಾಗ ಮಾಡಿ ನೋಡಿ. ನಿಮ್ಮ ಬೀದಿಯ ಪಟ್ಟಿಯಲ್ಲಿ ಎಷ್ಟು ಹೆಸರು ಬಂತು ಅಂತ ನನಗೂ ಬರೆದು ತಿಳಿಸಿ.